ಗೆರೆ 140ಕ್ಕೋ, 130ಕ್ಕೋ?

2017ರ ನವೆಂಬರ್ 13ರಂದು ಅಮೆರಿಕದ ಹೃದ್ರೋಗ ತಜ್ಞರ ಎರಡು ದೊಡ್ಡ ಸಂಘಗಳು ರಕ್ತದೊತ್ತಡದ ಹೊಸ ಮಾರ್ಗಸೂಚಿ ಹೊರಡಿಸಿದವು. ಅಲ್ಲಿಯವರೆಗೆ 140/90 ಮುಟ್ಟಿದವರಿಗೆ ‘ಬಿಪಿ ಇದೆ’ ಎನ್ನುತ್ತಿದ್ದರು. ಅಂದಿನಿಂದ 130/80 ಮುಟ್ಟಿದರೆ ಸಾಕು ಎಂದಾಯಿತು. ಹಿಂದಿನ ರಾತ್ರಿ ಏನೂ ಇಲ್ಲವೆಂದು ಮಲಗಿದ್ದ ಸುಮಾರು 3.1 ಕೋಟಿ ಜನ ಬೆಳಗಾಗುವುದರೊಳಗೆ ಬಿಪಿ ಇರುವವರ ಪಟ್ಟಿಗೆ ಸೇರಿದರು. ಅಮೆರಿಕದ ವಯಸ್ಕರಲ್ಲಿ ಬಿಪಿ ಇರುವವರ ಪ್ರಮಾಣ ಶೇ 32ರಿಂದ ಶೇ 46ಕ್ಕೆ ಏರಿತು. ಯಾರ ರಕ್ತನಾಳದಲ್ಲೂ ಏನೂ ಬದಲಾಗಿರಲಿಲ್ಲ.

ಅದೇ ತಿಂಗಳು ನಮ್ಮ ದೇಶದಲ್ಲೂ ಒಂದು ಕೆಲಸ ಆರಂಭವಾಯಿತು. ಕೇಂದ್ರ ಆರೋಗ್ಯ ಇಲಾಖೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ವಿಶ್ವ ಆರೋಗ್ಯ ಸಂಸ್ಥೆ ಸೇರಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ ಹತೋಟಿಗೆ ತರುವ ಯೋಜನೆಯನ್ನು ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರದ ಕೆಲವು ಜಿಲ್ಲೆಗಳಲ್ಲಿ ಶುರು ಮಾಡಿದವು. ಕರ್ನಾಟಕ ಆಮೇಲೆ ಸೇರಿತು. ಆ ಯೋಜನೆ ಹಿಡಿದದ್ದು ಹಳೆಯ 140/90ನ್ನೇ. ಇವತ್ತಿಗೂ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ತೋಳಿಗೆ ಪಟ್ಟಿ ಕಟ್ಟಿದಾಗ ಆರೋಗ್ಯ ಅಧಿಕಾರಿ ನೋಡುವುದು ಆ ಅಂಕಿಯನ್ನೇ.

ಒಂದೇ ತಿಂಗಳು, ಎರಡು ದೇಶ, ಎರಡು ಗೆರೆ. ಇವುಗಳಲ್ಲಿ ಯಾವುದು ಸರಿ ಎಂದು ಓದಿದವರು, ವಾಟ್ಸ್‌ಆ್ಯಪ್‌ನಲ್ಲಿ ತಿಳಿದವರು ಆಗಾಗ ಕೇಳುತ್ತಾರೆ. ಈ ಪ್ರಶ್ನೆಯನ್ನು ಬಾತಿಯಂಥ ಊರಿನಲ್ಲಿ ನಿಂತು ಕೇಳಿಕೊಳ್ಳಬೇಕು ಎಂಬುದು ನನ್ನ ಆಸೆ. ದಾವಣಗೆರೆಗೂ ಹರಿಹರಕ್ಕೂ ನಡುವೆ, ಪಿ.ಬಿ. ರಸ್ತೆಗೆ ಅಂಟಿಕೊಂಡಿರುವ ದೊಡ್ಡಬಾತಿ, ಹಳೇಬಾತಿ ಯಾವ ಮೂಲೆಯ ಹಳ್ಳಿಗಳೂ ಅಲ್ಲ. ಪೂರ್ವಕ್ಕೆ ಹೋದರೆ ಎರಡು ವೈದ್ಯಕೀಯ ಕಾಲೇಜುಗಳಿರುವ ಊರು. ಅದರಲ್ಲಿ ಜೆಜೆಎಂ ಕಾಲೇಜು 1965ರಿಂದ ವೈದ್ಯರನ್ನು ತಯಾರು ಮಾಡುತ್ತಿದೆ. ಪಶ್ಚಿಮಕ್ಕೆ ಹೋದರೆ ಕಾರ್ಖಾನೆಗಳ ಹರಿಹರ. ತಜ್ಞರು ದೂರ ಇದ್ದಾರೆ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಆದರೂ ಐವತ್ತು ದಾಟುವ ಮೊದಲೇ ಲಕ್ವ ಹೊಡೆದು ಒಂದು ಕೈ ಸೋತ ಗಂಡಸರು ಈ ಭಾಗದ ಊರುಗಳಲ್ಲಿ ಅಪರೂಪವಲ್ಲ. ‘ಅವ್ನಿಗ್ಯಾವ ಬಿಪಿನೂ ಇರಲಿಲ್ರೀ’ ಎಂದು ಮನೆಯವರು ಹೇಳುತ್ತಾರೆ. ಇತ್ತೋ ಇಲ್ಲವೋ ಯಾರೂ ಅಳೆದಿರಲಿಲ್ಲ ಎಂಬುದು ಆ ಮಾತಿನೊಳಗಿನ ನಿಜ.

ಮೊದಲಿಗೆ ಈ ಗೆರೆ ಎಲ್ಲಿಂದ ಬಂತು ನೋಡೋಣ. 1950ರ ದಶಕದಲ್ಲಿ ಇಂಗ್ಲೆಂಡಿನ ಇಬ್ಬರು ದೊಡ್ಡ ವೈದ್ಯರು ಇದೇ ವಿಷಯಕ್ಕೆ ವರ್ಷಗಟ್ಟಲೆ ವಾದ ಮಾಡಿದರು. ಬಿಪಿ ಎಂಬುದು ಪ್ರತ್ಯೇಕ ಕಾಯಿಲೆ, ಕೆಲವರಿಗೆ ಬರುತ್ತದೆ, ಉಳಿದವರಿಗೆ ಬರುವುದಿಲ್ಲ ಎಂದು ರಾಬರ್ಟ್ ಪ್ಲಾಟ್ ಹೇಳಿದರು. ಜಾರ್ಜ್ ಪಿಕರಿಂಗ್ ಒಪ್ಪಲಿಲ್ಲ. ಎತ್ತರ, ತೂಕದ ಹಾಗೆ ಒತ್ತಡವೂ ಎಲ್ಲರಲ್ಲೂ ಇದೆ, ಕಡಿಮೆಯಿಂದ ಹೆಚ್ಚಿಗೆ ಕಡಿಯದೆ ಸಾಗುತ್ತದೆ, ನಡುವೆ ಕತ್ತರಿಸಿ ಈ ಕಡೆ ಆರೋಗ್ಯ ಆ ಕಡೆ ರೋಗ ಎನ್ನುವುದು ನಾವು ಮಾಡಿಕೊಂಡ ಏರ್ಪಾಡು ಎಂದರು. ಕಾಲ ಪಿಕರಿಂಗ್ ಕಡೆಗೆ ವಾಲಿತು.

ಬಾತಿ ಗುಡ್ಡ ಹತ್ತುವಾಗ ಏರು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಅರ್ಧಕ್ಕೊಂದು ಕಲ್ಲು ನೆಟ್ಟು ‘ಇಲ್ಲಿಂದ ಗುಡ್ಡ’ ಎಂದು ಬರೆಯಬಹುದು. ಕಾಲು ಮಾತ್ರ ಆ ಕಲ್ಲಿಗಿಂತ ಬಹಳ ಮೊದಲೇ ಏರನ್ನು ಅರಿತಿರುತ್ತದೆ. ಬಿಪಿಯ ಅಪಾಯವೂ ಹೀಗೇ ಏರುತ್ತದೆ. 61 ಅಧ್ಯಯನಗಳ ಸುಮಾರು 10 ಲಕ್ಷ ವಯಸ್ಕರ ದಾಖಲೆಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 40ರಿಂದ 69 ವರ್ಷದವರಲ್ಲಿ 115/75ರಿಂದಲೇ ಅಪಾಯ ಏರಲು ತೊಡಗುತ್ತದೆ; ಮೇಲಿನ ಅಂಕಿ 20 ಹೆಚ್ಚಾದ ಹಾಗೆಲ್ಲ ಲಕ್ವದಿಂದ, ಹೃದಯದ ಕಾಯಿಲೆಯಿಂದ ಸಾಯುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ ಎಂದು ಅದು ತೋರಿಸಿತು.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿ. 138 ಇರುವವನಿಗೂ 142 ಇರುವವನಿಗೂ ಅಪಾಯದಲ್ಲಿ ಇರುವ ವ್ಯತ್ಯಾಸ ಸುಮಾರು ಶೇ 15 ಮಾತ್ರ. 118 ಇರುವವನಿಗೂ 138 ಇರುವವನಿಗೂ ಇರುವ ವ್ಯತ್ಯಾಸ ಎರಡು ಪಟ್ಟು. ಆದರೆ ನಮ್ಮ ಕಾರ್ಡಿನಲ್ಲಿ 118ಕ್ಕೂ 138ಕ್ಕೂ ‘ನಾರ್ಮಲ್’ ಎಂಬ ಒಂದೇ ಪದ. 142ಕ್ಕೆ ಮಾತ್ರ ಬೇರೆ ಹೆಸರು, ಬೇರೆ ಸಾಲು, ದಿನವೂ ಗುಳಿಗೆ. ಅಪಾಯ ಕಡಿಯದೆ ಏರುವಾಗ ನಾವು ಅದನ್ನು ಎರಡು ತುಂಡು ಮಾಡಿದ್ದೇವೆ.

ಹಾಗಿದ್ದರೆ ತುಂಡು ಮಾಡಿದ್ದು ಏಕೆ? ಔಷಧ ಕೊಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಅರ್ಧ ಹೌದು ಎಂಬ ಉತ್ತರ ಇಲ್ಲದಿರುವುದರಿಂದ. ಗೆರೆ ಇಳಿಯುತ್ತ ಬಂದದ್ದೂ ಔಷಧದ ಜಾಡಿನಲ್ಲೇ. 1967ರಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ನೇತೃತ್ವದ ಪ್ರಯೋಗವೊಂದು ಮುಗಿಯಿತು. ಕೆಳಗಿನ ಅಂಕಿ 115ರಿಂದ 129 ಇದ್ದ 143 ಗಂಡಸರು. ಬರೀ ಸುಳ್ಳುಗುಳಿಗೆ ಪಡೆದವರಲ್ಲಿ 27 ಮಂದಿ ಸಾವಿಗೆ ಅಥವಾ ದೊಡ್ಡ ಅವಘಡಕ್ಕೆ ಈಡಾದರು, ನಿಜವಾದ ಔಷಧ ಪಡೆದವರಲ್ಲಿ ಇಬ್ಬರು ಮಾತ್ರ. ಆ ಔಷಧಗಳಲ್ಲಿ ಒಂದು ರೆಸರ್ಪಿನ್. ನಮ್ಮ ಸರ್ಪಗಂಧಿಯ ಬೇರಿನಿಂದ ಬೇರ್ಪಡಿಸಿದ್ದು. ಆ ಬೇರು ಬಿಪಿ ಇಳಿಸುತ್ತದೆ ಎಂಬುದನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದು ಹೊರಜಗತ್ತಿಗೆ ತೋರಿಸಿದ್ದರು. ಬಿಪಿಯ ಚರಿತ್ರೆ ಹೇಳುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ, ಅದಕ್ಕೇ ಇಲ್ಲಿ ಬರೆದೆ.

1977ರಲ್ಲಿ ಅಮೆರಿಕದ ಮೊದಲ ರಾಷ್ಟ್ರೀಯ ಸಮಿತಿ ಕೆಳಗಿನ ಅಂಕಿ 105 ಮುಟ್ಟಿದವರಿಗೆ ಔಷಧ ಕೊಡಿ ಎಂದಿತು. ಆಮೇಲೆ ಹೊಸ ಗುಳಿಗೆಗಳು, ಹೊಸ ಪ್ರಯೋಗಗಳು ಬಂದ ಹಾಗೆ ಗೆರೆ 90ಕ್ಕೆ ಇಳಿಯಿತು. ವಯಸ್ಸಾದವರಲ್ಲಿ ಮೇಲಿನ ಅಂಕಿ ಮಾತ್ರ ಏರಿದ್ದರೆ ಅದು ಸಹಜ ಎಂಬ ನಂಬಿಕೆ ಬಹಳ ಕಾಲ ಉಳಿದಿತ್ತು. ‘ನೂರಕ್ಕೆ ವಯಸ್ಸು ಕೂಡಿಸಿ, ಅಷ್ಟಿದ್ದರೆ ಸರಿ’ ಎಂಬ ಲೆಕ್ಕ ಇವತ್ತಿಗೂ ಕಟ್ಟೆಯ ಮೇಲೆ ಕುಳಿತ ಹಿರಿಯರ ಬಾಯಲ್ಲಿ ಕೇಳುತ್ತದೆ. ಆ ಲೆಕ್ಕದಲ್ಲಿ ಅರವತ್ತರ ಅಜ್ಜನಿಗೆ 160 ಇದ್ದರೂ ಚಿಂತೆ ಇಲ್ಲ. 1991ರಲ್ಲಿ ಪ್ರಕಟವಾದ ಪ್ರಯೋಗವೊಂದು ಅದನ್ನು ಮುರಿಯಿತು. ಅರವತ್ತು ದಾಟಿದ, ಮೇಲಿನ ಅಂಕಿ 160 ಮೀರಿದ 4,736 ಜನರಲ್ಲಿ ಅರ್ಧದಷ್ಟು ಮಂದಿಗೆ ಔಷಧ ಕೊಟ್ಟಾಗ ಅವರಲ್ಲಿ ಲಕ್ವ ಶೇ 36ರಷ್ಟು ಕಡಿಮೆಯಾಯಿತು. ದಯವಿಟ್ಟು ಆ ನೂರು ಕೂಡಿಸುವ ಲೆಕ್ಕವನ್ನು ಇನ್ನಾದರೂ ಬಿಡಬೇಕು.

ಕೊನೆಗೆ 2015ರ ‘ಸ್ಪ್ರಿಂಟ್’ ಪ್ರಯೋಗ. ಹೃದಯದ ಅಪಾಯ ಹೆಚ್ಚಿದ್ದ 9,361 ಜನರಲ್ಲಿ ಅರ್ಧಕ್ಕೆ 140ರ ಕೆಳಗೆ, ಇನ್ನರ್ಧಕ್ಕೆ 120ರ ಕೆಳಗೆ ಎಂಬ ಗುರಿ ಇಟ್ಟರು. 120ರ ಗುಂಪಿನಲ್ಲಿ ಹೃದಯಾಘಾತ, ಲಕ್ವದಂಥ ಅನಾಹುತ ಕಾಲು ಭಾಗ ತಗ್ಗಿತು. 2017ರ ಅಮೆರಿಕದ ನಿರ್ಧಾರಕ್ಕೆ ದೊಡ್ಡ ಬಲ ಬಂದದ್ದು ಇಲ್ಲಿಂದ. ಆದರೆ ಅಲ್ಲಿಯೂ ಹೊಸದಾಗಿ ಪಟ್ಟಿಗೆ ಸೇರಿದ ಬಹುಪಾಲು ಜನರಿಗೆ ಗುಳಿಗೆ ಬರೆಯಿರಿ ಎಂದು ಮಾರ್ಗಸೂಚಿ ಹೇಳಲಿಲ್ಲ. ಒಟ್ಟು ವಯಸ್ಕರ ಲೆಕ್ಕದಲ್ಲಿ ಹೆಸರು ಹಚ್ಚಿಸಿಕೊಂಡವರು ಶೇ 14ರಷ್ಟು ಹೆಚ್ಚಿದರೆ ಔಷಧ ಬೇಕಾದವರು ಹೆಚ್ಚಿದ್ದು ಸುಮಾರು ಶೇ 2 ಮಾತ್ರ. ಆ ದೇಶದ ಕುಟುಂಬ ವೈದ್ಯರ ಸಂಘ ಈ ಮಾರ್ಗಸೂಚಿಗೆ ಸಹಿ ಹಾಕಲು ಒಪ್ಪಲಿಲ್ಲ. ಯುರೋಪು 140/90ನ್ನೇ ಉಳಿಸಿಕೊಂಡಿತು. 2022ರಲ್ಲಿ ಚೀನಾದ ತಜ್ಞರ ತಂಡವೊಂದು 130/80 ಎಂದಾಗ ಅಲ್ಲಿನ ಸರ್ಕಾರದ ಆರೋಗ್ಯ ಆಯೋಗವೇ ಮುಂದೆ ಬಂದು, ನಮ್ಮದು 140/90 ಎಂದು ಕೆಲವೇ ದಿನಗಳಲ್ಲಿ ಸ್ಪಷ್ಟಪಡಿಸಿತು.

ಚೀನಾ ಹಾಗೇಕೆ ಹೇಳಿತು ಎಂಬುದು ಒಂದು ಉಪಕೇಂದ್ರದ ಲೆಕ್ಕ ಹಾಕಿದರೆ ತಿಳಿಯುತ್ತದೆ. ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ ಎಂಬುದು ನಿಯಮ. ಅದರಲ್ಲಿ ಮೂವತ್ತು ದಾಟಿದವರು 2,000 ಎಂದಿಟ್ಟುಕೊಳ್ಳಿ. ನಾಲ್ವರಲ್ಲಿ ಒಬ್ಬರು 140/90 ದಾಟಿದ್ದಾರೆ ಎಂದರೆ 500 ಮಂದಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕಕ್ಕೆ ಕೊಟ್ಟ ಅಂದಾಜು ಕೂಡ ಸುಮಾರು ಕಾಲು ಭಾಗವೇ. ಈ 500 ಜನ ತಿಂಗಳಿಗೊಮ್ಮೆ ಬಂದರೆ 25 ಕೆಲಸದ ದಿನಗಳಲ್ಲಿ ದಿನಕ್ಕೆ 20 ಮಂದಿ. ಕೂರಿಸಿ, ಐದು ನಿಮಿಷ ಸುಮ್ಮನಿರಿಸಿ, ಎರಡು ಸಲ ಅಳೆದು, ಬರೆದು, ಗುಳಿಗೆ ಕೊಟ್ಟು, ನಾಲ್ಕು ಮಾತು ಹೇಳಲು ಒಬ್ಬರಿಗೆ ಕನಿಷ್ಠ 10 ನಿಮಿಷ. ಅಲ್ಲಿಗೆ ಮೂರು ಗಂಟೆ ದಾಟಿತು. ಗೆರೆಯನ್ನು 130/80ಕ್ಕೆ ಇಳಿಸಿ 500 ಇದ್ದದ್ದು 800 ಆದರೆ ದಿನಕ್ಕೆ 32 ಮಂದಿ, ಐದು ಗಂಟೆಗೂ ಹೆಚ್ಚು. ಬಸುರಿಯರ ತಪಾಸಣೆ, ಲಸಿಕೆ, ಡೆಂಗಿ ಸಮೀಕ್ಷೆ, ಆನ್‌ಲೈನ್ ದಾಖಲಾತಿ ಎಲ್ಲವೂ ಅದೇ ಕೈಗಳಲ್ಲಿ.

ಆಗ ಏನಾಗುತ್ತದೆ? ಐದು ನಿಮಿಷ ಕೂರಿಸುವುದು ಮೊದಲು ಹೋಗುತ್ತದೆ. ಎರಡನೇ ಸಲ ಅಳೆಯುವುದು ಆಮೇಲೆ. 132 ಇರುವ ಮೂರು ಜನರ ನಡುವೆ 176 ಇರುವ ಒಬ್ಬ ಹಿಂದೆ ಬೀಳುತ್ತಾನೆ, ಆ ತಿಂಗಳು ಬರಲಿಲ್ಲವೆಂದು ಯಾರೂ ಮನೆಗೆ ಹೋಗಿ ಕೇಳುವುದಿಲ್ಲ. ಇದೇ ನನ್ನ ದೊಡ್ಡ ಹೆದರಿಕೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ವರದಿಯ ಪ್ರಕಾರ ಭಾರತದಲ್ಲಿ 30ರಿಂದ 79 ವಯಸ್ಸಿನ ಸುಮಾರು 18.8 ಕೋಟಿ ಜನರಿಗೆ ಬಿಪಿ ಇದೆ. 140/90 ಲೆಕ್ಕದಲ್ಲಿ. ಅವರಲ್ಲಿ ಪತ್ತೆಯಾದವರು ಶೇ 37, ಹತೋಟಿಯಲ್ಲಿರುವವರು ಶೇ 15. ನಮ್ಮ ಉಪಕೇಂದ್ರದ 500 ಜನರಿಗೆ ಈ ಪ್ರಮಾಣ ಹಚ್ಚಿದರೆ 315 ಮಂದಿಗೆ ತಮಗೆ ಬಿಪಿ ಇರುವುದೇ ಗೊತ್ತಿಲ್ಲ, ಹತೋಟಿಯಲ್ಲಿರುವವರು 75. ಹಳೆಯ ಗೆರೆ ದಾಟಿದವರಲ್ಲೇ ಆರರಲ್ಲಿ ಐದು ಮಂದಿಯ ಬಿಪಿಯನ್ನು ನಾವು ಹತೋಟಿಗೆ ತಂದಿಲ್ಲ. ಹೀಗಿರುವಾಗ ಗೆರೆ ಇಳಿಸುವುದು ಬಾತಿಯಂಥ ಊರಿಗೆ ಒಳ್ಳೆಯದಲ್ಲ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ಗುಳಿಗೆಯ ಗೆರೆ 140/90ರಲ್ಲೇ ಇರಲಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಹಿಂದೆ ಹೃದಯಾಘಾತ ಆದವರ ವಿಷಯ ಬೇರೆ, ಅವರಿಗೆ 130ರಲ್ಲೇ ವೈದ್ಯರು ಎಚ್ಚರಗೊಳ್ಳಬೇಕು.

ಗೆರೆ ದಾಟಿದಿರಿ ಎಂದು ಹೇಳುವುದಕ್ಕೂ ಒಂದು ಬೆಲೆ ಇದೆ. ಕೆನಡಾದ ಹ್ಯಾಮಿಲ್ಟನ್ ಎಂಬ ಉಕ್ಕಿನ ಊರಿನಲ್ಲಿ ಕಾರ್ಖಾನೆಯ ಕಾರ್ಮಿಕರಿಗೆ ಬಿಪಿ ತಪಾಸಣೆ ನಡೆಸಿದ ವೈದ್ಯರು 1978ರಲ್ಲಿ ಒಂದು ವಿಚಿತ್ರ ವರದಿ ಬರೆದರು. ‘ನಿಮಗೆ ಬಿಪಿ ಇದೆ’ ಎಂದು ಹೊಸದಾಗಿ ತಿಳಿದವರು ಆಮೇಲೆ ಕೆಲಸಕ್ಕೆ ರಜೆ ಹಾಕುವುದು ಹೆಚ್ಚಾಗಿತ್ತು, ಔಷಧ ತೆಗೆದುಕೊಂಡವರಲ್ಲೂ ತೆಗೆದುಕೊಳ್ಳದವರಲ್ಲೂ. ಕಾಯಿಲೆ ಮೊದಲೂ ಇತ್ತು. ಹೊಸತಾಗಿ ಬಂದದ್ದು ರೋಗಿ ಎಂಬ ಭಾವನೆ. ಹರಿಹರದಂಥ ಊರಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಗುತ್ತಿಗೆ ಕೆಲಸದವನಿಗೆ, ಲಾರಿ ಚಾಲಕನಿಗೆ ವೈದ್ಯಕೀಯ ಅರ್ಹತೆಯ ಕಾಗದ ಎಂದರೆ ಅನ್ನ. ‘ಬಿಪಿ ಐತಿ ಅಂತ ಬರದ್ರ ಕೆಲ್ಸ ಹೋಕತಿ’ ಎಂಬ ಹೆದರಿಕೆಯಲ್ಲಿ ತಪಾಸಣೆಗೇ ಬಾರದವರು ಇದ್ದಾರೆ. 142 ಎಂದು ಹೇಳುವಾಗ, ಇದು ಹತೋಟಿಗೆ ಬರುವಂಥದು, ಕೆಲಸ ಬಿಡಬೇಕಿಲ್ಲ ಎಂಬ ಮಾತೂ ಅದೇ ಉಸಿರಿನಲ್ಲಿ ಬರಬೇಕು.

ಇನ್ನು ಅಳತೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ 140 ಎಂಬ ಗೆರೆಗೆ ಅರ್ಥ ಬರುವುದು ಅಳತೆ ಸರಿ ಇದ್ದರೆ ಮಾತ್ರ. ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಬೇಕು. 2024ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ ತೋಳನ್ನು ತೊಡೆಯ ಮೇಲಿಟ್ಟರೆ ಮೇಲಿನ ಅಂಕಿ ಸುಮಾರು 4, ಪಕ್ಕಕ್ಕೆ ಇಳಿಬಿಟ್ಟರೆ ಸುಮಾರು 6.5 ಹೆಚ್ಚು ತೋರಿಸಿತು. ಅಂದರೆ 135 ಇರುವವಳು ಕೈ ಜೋತುಬಿಟ್ಟು ಕುಳಿತಷ್ಟಕ್ಕೆ ರೋಗಿಯಾಗುತ್ತಾಳೆ. ಸೀರೆಯ ಕುಪ್ಪಸದ ತೋಳಿನ ಮೇಲೇ ಪಟ್ಟಿ ಸುತ್ತುವುದು, ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟುವುದು, ಬಸ್ಸಿಳಿದು ಬಂದವರನ್ನು ಕೂಡಲೇ ಅಳೆಯುವುದು, ಅಳೆಯುತ್ತಲೇ ಮನೆಯ ಸಮಾಚಾರ ಕೇಳುವುದು, ಇವೆಲ್ಲ ಅಂಕಿಯನ್ನು ಮೇಲೆತ್ತುತ್ತವೆ. ಒಂದೇ ಸಲದ ಅಳತೆಗೆ ಯಾರಿಗೂ ಜೀವನಪರ್ಯಂತದ ಹೆಸರು ಹಚ್ಚಬಾರದು. ಅಂಕಿ ತೀರಾ ಹೆಚ್ಚಿದ್ದರೆ ಮಾತ್ರ ಕಾಯಬಾರದು.

ಬರೆಯುವ ಕೈಯೂ ಗೆರೆಯತ್ತ ವಾಲುತ್ತದೆ. ಹಲವು ದೇಶಗಳ ರಿಜಿಸ್ಟರುಗಳಲ್ಲಿ ಸೊನ್ನೆಯಲ್ಲಿ ಮುಗಿಯುವ ಅಂಕಿಗಳು ಲೆಕ್ಕಕ್ಕೆ ಮೀರಿ ಸಿಗುತ್ತವೆ. 137 ಎಂಬುದು 140 ಆಗುತ್ತದೆ ಇಲ್ಲವೇ 130 ಆಗುತ್ತದೆ. ಗೆರೆ ಸೊನ್ನೆಯ ಮೇಲೇ ಇರುವುದರಿಂದ ಆ ಸಣ್ಣ ಸೋಮಾರಿತನ ಒಬ್ಬರ ಬದುಕಿನ ಹಾದಿ ಬದಲಿಸುತ್ತದೆ. ಬ್ರಿಟನ್ನಿನಲ್ಲಿ 2004ರಿಂದ ರೋಗಿಗಳ ಬಿಪಿಯನ್ನು 150/90ರೊಳಗೆ ತಂದ ವೈದ್ಯರಿಗೆ ಹೆಚ್ಚಿನ ಹಣ ಕೊಡುವ ಪದ್ಧತಿ ಬಂತು. ಆಮೇಲೆ ದಾಖಲೆಗಳನ್ನು ನೋಡಿದರೆ 150ಕ್ಕಿಂತ ಒಂದೆರಡು ಕಡಿಮೆ ಇರುವ ಅಂಕಿಗಳು ಎದ್ದು ಕಾಣುವಷ್ಟು ಹೆಚ್ಚಿದ್ದವು. ನಮ್ಮಲ್ಲೂ ಈಗ ಗುರಿಗಳ ಕಾಲ. 2025ರೊಳಗೆ ಬಿಪಿ, ಸಕ್ಕರೆ ಕಾಯಿಲೆಯ 7.5 ಕೋಟಿ ಜನರನ್ನು ಚಿಕಿತ್ಸೆಗೆ ತರುತ್ತೇವೆ ಎಂದು ಕೇಂದ್ರ ಸರ್ಕಾರ 2023ರಲ್ಲಿ ಘೋಷಿಸಿತು. ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ ಮನೆಬಾಗಿಲಲ್ಲೇ ತಪಾಸಣೆ ಎಂದು ಹರಡುತ್ತಿದೆ. ಒಳ್ಳೆಯ ಕೆಲಸಗಳು, ನಾನು ಮನಸಾರೆ ಒಪ್ಪುತ್ತೇನೆ. ಆದರೆ ಆಶಾ ಕಾರ್ಯಕರ್ತೆಯರನ್ನು, ಆರೋಗ್ಯ ಅಧಿಕಾರಿಗಳನ್ನು ‘ಎಷ್ಟು ಮಂದಿ ಆಯಿತು’ ಎಂದಷ್ಟೇ ಕೇಳಿದರೆ ಅಂಕಿ ಸಿಗುತ್ತದೆ, ಅಳತೆ ಸಿಗುವುದಿಲ್ಲ.

ಈಗ ಗೆರೆಯ ಕೆಳಗಿನವರ ಮಾತು. 140 ಮುಟ್ಟದವರನ್ನು ಗುಳಿಗೆಯಿಂದ ದೂರ ಇಡಬೇಕು ಎಂದೆ. ಅವರನ್ನು ಮರೆಯಬೇಕು ಎಂದು ಹೇಳಲಿಲ್ಲ. ಬ್ರಿಟನ್ನಿನ ಜೆಫ್ರಿ ರೋಸ್ 1985ರಲ್ಲಿ ಕೀನ್ಯಾದ ಅಲೆಮಾರಿಗಳ ಬಿಪಿಯನ್ನೂ ಲಂಡನ್ನಿನ ಸರ್ಕಾರಿ ನೌಕರರ ಬಿಪಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಲಂಡನ್ನಿನಲ್ಲಿ ಕೆಲವರಿಗೆ ಮಾತ್ರ ಹೆಚ್ಚಿದೆ ಎಂದು ಕಾಣುತ್ತಿತ್ತು. ನಿಜಕ್ಕೂ ಅಲ್ಲಿ ಇಡೀ ಸಮೂಹದ ಒತ್ತಡವೇ ಮೇಲೆ ಸರಿದಿತ್ತು. ಒಂದು ಊರಿನಲ್ಲಿ ತೀರಾ ಹೆಚ್ಚಿನ ಬಿಪಿ ಇರುವವರು ಕಡಿಮೆ, ಸ್ವಲ್ಪ ಹೆಚ್ಚಿರುವವರು ಬಹಳ. ಆದ್ದರಿಂದ ಲಕ್ವ, ಹೃದಯಾಘಾತಗಳ ದೊಡ್ಡ ಪಾಲು ಆ ನಡುವಿನ ಗುಂಪಿನಿಂದಲೇ ಬರುತ್ತದೆ. ಒಬ್ಬೊಬ್ಬರನ್ನೇ ಹಿಡಿದು ಗುಳಿಗೆ ಕೊಡುವುದರಿಂದ ಅವರನ್ನು ಮುಟ್ಟಲಾಗದು. ಊರಿನ ಊಟ ಬದಲಾದರೆ ಮುಟ್ಟಬಹುದು.

ಬೆಂಗಳೂರಿನಲ್ಲಿರುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ 2017–18ರಲ್ಲಿ ನಡೆಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ ನಮ್ಮ ವಯಸ್ಕರು ದಿನಕ್ಕೆ ಸುಮಾರು 8 ಗ್ರಾಂ ಉಪ್ಪು ತಿನ್ನುತ್ತಾರೆ ಎಂದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚ. ನಮ್ಮ ಸೀಮೆಯ ಜೋಳದ ರೊಟ್ಟಿಯ ಹಿಟ್ಟಿಗೆ ಹೆಚ್ಚಿನ ಮನೆಗಳಲ್ಲಿ ಉಪ್ಪು ಬೀಳುವುದಿಲ್ಲ. ಉಪ್ಪು ಬರುವುದು ಪಕ್ಕದಿಂದ: ಉಪ್ಪಿನಕಾಯಿ, ಹಪ್ಪಳ, ಶೇಂಗಾ ಚಟ್ನಿಪುಡಿ, ಮೊಸರಿಗೆ ಮೇಲಿಂದ ಉದುರಿಸುವ ಚಿಟಿಕೆ. ದಾವಣಗೆರೆಯ ಹೆಮ್ಮೆಯ ಮಂಡಕ್ಕಿಯೂ ಭಟ್ಟಿಯಲ್ಲಿ ಅರಳುವ ಮೊದಲೇ ಉಪ್ಪು ಹೀರಿರುತ್ತದೆ, ಆಮೇಲೆ ಒಗ್ಗರಣೆಗೆ ಇನ್ನಷ್ಟು, ಜೊತೆಗಿರುವ ಮೆಣಸಿನಕಾಯಿ ಬಜ್ಜಿಗೆ ಮತ್ತಷ್ಟು. ಮಂಡಕ್ಕಿ ಬಿಡಿ ಎಂದು ದಾವಣಗೆರೆಯಲ್ಲಿ ನಾನು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಭಟ್ಟಿಯಲ್ಲೂ ಒಗ್ಗರಣೆಯಲ್ಲೂ ಉಪ್ಪು ಕೊಂಚ ಕೊಂಚವಾಗಿ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಚೀನಾದ 600 ಹಳ್ಳಿಗಳಲ್ಲಿ 20,995 ಜನರ ನಡುವೆ ನಡೆದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಹಿಂದೆ ಲಕ್ವ ಆಗಿದ್ದವರು, ಇಲ್ಲವೇ ಅರವತ್ತು ದಾಟಿ ಬಿಪಿ ಇದ್ದವರು. ಅರ್ಧ ಹಳ್ಳಿಗಳಲ್ಲಿ ಮಾಮೂಲಿ ಉಪ್ಪಿನ ಬದಲು ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಲಕ್ವ ಶೇ 14 ತಗ್ಗಿತು. ಈ ಉಪ್ಪು ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ, ಬೆಲೆ ಹೆಚ್ಚು. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಪಡಿತರ ಅಂಗಡಿಯ ಮೂಲಕ ಇದನ್ನು ಅಗ್ಗವಾಗಿ ಕೊಡುವ ದಾರಿಯನ್ನು ಸರ್ಕಾರ ಪರಿಶೀಲಿಸಿದರೆ 118ರವರಿಗೂ 138ರವರಿಗೂ 158ರವರಿಗೂ ಅದು ಒಟ್ಟಿಗೇ ತಲುಪುತ್ತದೆ.

ಆ 138ರವರಿಗಾಗಿ ಉಪಕೇಂದ್ರದ ರಿಜಿಸ್ಟರಿನಲ್ಲಿ ಇನ್ನೊಂದು ಸಾಲು ಬೇಕು. 130ರಿಂದ 139ರವರೆಗೆ ಬಂದವರ ಹೆಸರು, ಮತ್ತೆ ಅಳೆಯುವ ತಾರೀಕು, ಅಷ್ಟೇ. ಗುಳಿಗೆ ಬೇಡ, ರೋಗಿ ಎಂಬ ಹೆಸರೂ ಬೇಡ. ವರ್ಷಕ್ಕೊಮ್ಮೆ ಕರೆದು ಪಟ್ಟಿ ಕಟ್ಟಿದರೆ ಗೆರೆ ದಾಟುವವರು ಲಕ್ವಕ್ಕೆ ಮೊದಲೇ ಕೈಗೆ ಸಿಗುತ್ತಾರೆ. ಇದಕ್ಕೆ ಹೊಸ ಹುದ್ದೆ ಬೇಕಿಲ್ಲ, ಹೊತ್ತು ಬದಲಾಗಬೇಕು. ಬಾತಿಯ ದುಡಿಯುವ ಗಂಡಸರು ಬೆಳಿಗ್ಗೆ ದಾವಣಗೆರೆಯ ಕಡೆಗೋ ಹರಿಹರದ ಕಡೆಗೋ ಬಸ್ಸು, ಬೈಕು ಹತ್ತಿ ಹೋಗಿರುತ್ತಾರೆ. ತಪಾಸಣೆಗೆ ಸಿಗುವವರು ಮನೆಯಲ್ಲಿರುವ ಹೆಂಗಸರು, ಹಿರಿಯರು. ವಾರದಲ್ಲಿ ಒಂದು ದಿನ ಸಂಜೆ ಆರರಿಂದ ಎಂಟರವರೆಗೆ ಉಪಕೇಂದ್ರ ತೆರೆದಿರಲಿ, ಅದಕ್ಕೆ ಬದಲಾಗಿ ಅಲ್ಲಿಯ ಸಿಬ್ಬಂದಿಗೆ ಮರುದಿನ ಬೆಳಿಗ್ಗೆ ಬಿಡುವು ಕೊಡಲಿ. ಗ್ರಾಮ ಪಂಚಾಯಿತಿ ಸಭೆಯಲ್ಲಿ ಈ ಎರಡನ್ನು ಕೇಳಲು ಬಾತಿಯವರು ಯಾವ ಮಾರ್ಗಸೂಚಿಗೂ ಕಾಯಬೇಕಾಗಿಲ್ಲ.